ಮುಂದೂಡಿದ ಮೂರು ದಿನ

ಕುರಿ ಸಾಕುವವರ ಆ ಹಟ್ಟಿಗೆ ಬರುವ ಹೆಂಗಸು ಯಾರೇ ಆಗಲಿ, ಹೊನ್ನಕ್ಕ ನೀರು ಕೊಡುವ ಮೊದಲು ಒಂದು ಮಾತು ಕೇಳುತ್ತಿದ್ದಳು. ಬೇರೆ ಮನೆಯವರು ನಾಚಿಕೊಂಡು ಸುಮ್ಮನಾಗುತ್ತಿದ್ದರೇನೋ, ಅವಳು ಆಗುತ್ತಿರಲಿಲ್ಲ. ಆ ದಿನ ಬೆಳಗ್ಗೆ ಕುರಿಗಳನ್ನೆಲ್ಲ ಮಗ ಚಿಕ್ಕರಾಜುವಿನ ಹಿಂದೆ ಮೇಯಲು ಅಟ್ಟಿ, ಅವುಗಳನ್ನು ಕೂಡುವ ರೊಪ್ಪದ ಹಿಕ್ಕೆ ಗುಡಿಸುತ್ತಿದ್ದಾಗ, ಗೌಡಗೆರೆ ರಸ್ತೆಯ ಕಡೆಯಿಂದ ಮಗಳು ಗಂಗಾಲಕ್ಷ್ಮಿ ಬರುವುದು ಕಂಡಿತು. ಬೆನ್ನಿಗೆ ದೊಡ್ಡ ಚೀಲ, ಬಲ ಮಂಡಿಗೆ ಕರಿ ಪಟ್ಟಿ, ನಡಿಗೆಯಲ್ಲಿ ಎಳೆತ. ಒಂದೂವರೆ ವರ್ಷದ ಮೇಲೆ ಬಂದ ಮಗಳು. ಓಡಿ ಹೋಗಿ ಅಪ್ಪಿಕೊಳ್ಳಬೇಕು ಅನ್ನಿಸಿತು ತಾಯಿಗೆ. ಆದರೂ ಪೊರಕೆ ಹಿಡಿದೇ ನಿಂತು ಕೇಳಿದಳು.

"ಮೈ ಸರಿಯಾಗೈತೇನೇ?"

ಗಂಗಾಲಕ್ಷ್ಮಿ ಬೇಲಿಯ ಆಚೆ ನಿಂತು ನಕ್ಕಳು. ಸರಿಯಾಗಿದೆ, ಒಳಗೆ ಬಾ ಅನ್ನು ಅಂದಳು. ಆ ನಗುವಿನಲ್ಲಿ ಸಂತೋಷ ಕಡಿಮೆಯಿತ್ತು. ಪ್ರತಿ ಸಲ ರಜೆಗೆ ಬರುವಾಗಲೂ ಅವಳು ಮುಟ್ಟು ಮುಂದೂಡುವ ಮಾತ್ರೆ ನುಂಗಿಯೇ ಬರುತ್ತಿದ್ದಳು. ಹತ್ತು ದಿನದ ರಜೆಯಲ್ಲಿ ಮೂರು ದಿನ ಹಟ್ಟಿಯ ಹೊರಗಿನ ಕೋಣೆಯಲ್ಲಿ ಕೂತರೆ ಉಳಿಯುವುದೇನು? ಆ ಮಾತ್ರೆಯ ಹೆಸರನ್ನು ಫೋನಿನಲ್ಲಿ ಹೇಳಿಕೊಟ್ಟವಳು ತಾಯಿಯೇ. ಜಾತ್ರೆ, ಮದುವೆ, ದೇವರ ಕಾರ್ಯ ಬಂತೆಂದರೆ ಈ ಸೀಮೆಯ ಹೆಂಗಸರಿಗೆಲ್ಲ ಗೊತ್ತಿರುವ ಮಾತ್ರೆ ಅದು.

ಆ ಕೋಣೆ ಹಟ್ಟಿಯಿಂದ ನೂರು ಮಾರು ದೂರದಲ್ಲಿ ಹುಣಸೆ ಮರದ ಕೆಳಗಿತ್ತು. ಮೊದಲು ಸೋಗೆ ಗುಡಿಸಲಿತ್ತು, ಈಗ ಇಟ್ಟಿಗೆ ಗೋಡೆ, ತಗಡಿನ ಸೂರು. ಮುಟ್ಟಾದ ಹೆಂಗಸು ಮೂರು ದಿನ ಅಲ್ಲಿರಬೇಕು. ಮನೆಯವರು ಊಟ ತಂದು ದೂರದಲ್ಲಿಟ್ಟು ಹೋಗುತ್ತಾರೆ. ಆ ಮೂರು ದಿನ ಅವಳು ಹಟ್ಟಿಯೊಳಗೆ ಕಾಲಿಡುವ ಹಾಗಿಲ್ಲ, ಶಾಲೆಗೆ ಹೋಗುವ ಹಾಗಿಲ್ಲ, ಬಸ್ಸು ಹತ್ತುವ ಹಾಗಿಲ್ಲ. ಮೀರಿದರೆ ಆ ಮನೆಯ ಕೈ ನೀರನ್ನು ಯಾರೂ ಮುಟ್ಟುವುದಿಲ್ಲ.

ಯಾಕೆ ಅಂತ ಕೇಳಿದರೆ ಹಟ್ಟಿಯ ಪೂಜಾರಿ ಬೋರಣ್ಣ ಕೋಪಿಸಿಕೊಳ್ಳುತ್ತಿರಲಿಲ್ಲ, ಕೂರಿಸಿ ಸಮಾಧಾನವಾಗಿ ಹೇಳುತ್ತಿದ್ದ. ಊರಿನವರ ದೇವರು ಗುಡಿಯಲ್ಲಿರುತ್ತಾನೆ, ಬಾಗಿಲು ಹಾಕಿಕೊಂಡರೆ ಅವನ ಪಾಡಿಗೆ ಅವನು. ನಮ್ಮ ದೇವರು ಹಾಗಲ್ಲ. ಒಂದೇ ಬೇಲಿಯೊಳಗೆ ಅವನು, ಕುರಿ, ನಾವು. ನಮ್ಮ ಜೊತೆ ಮಲಗೋನಿಗೆ ನಾವು ಮೈಲಿಗೆ ತಾಗಿಸಬಾರದು, ತಾಗಿಸಿದರೆ ಅವನು ಕುರಿ ಕಾಯೋದು ಬಿಡುತ್ತಾನೆ. ಹೀಗಂತ ಅವನು ನಂಬಿದ್ದ. ಕೆಟ್ಟವನಲ್ಲ ಬೋರಣ್ಣ. ಯಾರ ಮನೆಯ ಮರಿ ಕಾಯಿಲೆ ಬಿದ್ದರೂ ಮೊದಲು ಓಡಿ ಬರುವವನು ಅವನೇ.

ಹೊನ್ನಕ್ಕ ಅವನಿಗಿಂತ ಬಿಗಿಯಾಗಿದ್ದಳು. ಹಟ್ಟಿಯ ಯಾವ ಹುಡುಗಿಯ ದಿನ ಯಾವಾಗ ಎಂಬುದು ಅವಳ ಬಾಯಲ್ಲಿತ್ತು. ಒಂದು ದಿನ ತಡವಾದರೆ ತಾನೇ ಹೋಗಿ ವಿಚಾರಿಸುತ್ತಿದ್ದಳು. ಹಿಂದಿನಿಂದ ಹುಡುಗಿಯರು ಅವಳನ್ನು 'ಚೆಕ್‌ಪೋಸ್ಟ್' ಅನ್ನುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. ಅಂದುಕೊಳ್ಳಲಿ ಬಿಡು ಅಂತ ಸುಮ್ಮನಿದ್ದಳು. ಅವಳು ಇಷ್ಟು ಬಿಗಿಯಾದದ್ದಕ್ಕೆ ಒಂದು ಕಾರಣವಿತ್ತು, ಅದನ್ನು ಹದಿನಾಲ್ಕು ವರ್ಷಗಳಿಂದ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಹದಿನಾಲ್ಕು ವರ್ಷಗಳ ಹಿಂದೆ ಗಂಗಾಲಕ್ಷ್ಮಿ ಎಂಟನೇ ಕ್ಲಾಸು. ಶಾಲೆಯ ಪಿ.ಟಿ. ಮೇಷ್ಟ್ರು ಚಂದ್ರಶೇಖರ್ ಹುಡುಗಿಯರಿಗೆ ಹಾಕಿ ಕಲಿಸುತ್ತಿದ್ದರು. ತುಮಕೂರಿನಲ್ಲಿ ಸ್ಪೋರ್ಟ್ಸ್ ಹಾಸ್ಟೆಲ್ಲಿಗೆ ಆಯ್ಕೆ ಇದೆ, ನಿಮ್ಮ ಹುಡುಗಿ ಖಂಡಿತ ಗೆಲ್ಲುತ್ತಾಳೆ ಅಂತ ಹಟ್ಟಿಯವರೆಗೂ ಬಂದು ಹೇಳಿ ಹೋಗಿದ್ದರು. ಆಯ್ಕೆಯ ದಿನ ಬೆಳಗ್ಗೆಯೇ ಹುಡುಗಿ ಮುಟ್ಟಾದಳು. ಅಳುತ್ತಾ ತಾಯಿಯ ಹತ್ತಿರ ಬಂದು ನಿಂತಳು. ಆ ಮುಖ ನೋಡಿ ಹೊನ್ನಕ್ಕ ಯಾರಿಗೂ ಹೇಳಬೇಡ ಅಂತ ಹಳೇ ಸೀರೆಯ ಬಟ್ಟೆ ಮಡಚಿ ಕೊಟ್ಟು, ಹಟ್ಟಿಯೊಳಗಿನ ದಾರಿಯಲ್ಲೇ, ದೇವರ ಮುಂದೆಯೇ ನಡೆಸಿಕೊಂಡು ಹೋಗಿ ಬಸ್ಸು ಹತ್ತಿಸಿ ಬಂದಳು. ಹುಡುಗಿ ಆಯ್ಕೆಯಾದಳು.

ಅದೇ ತಿಂಗಳು ಕುರಿಗಳಿಗೆ ನೀಲಿನಾಲಿಗೆ ರೋಗ ಬಂತು. ರೊಪ್ಪದಲ್ಲಿದ್ದ ಅರವತ್ತರಲ್ಲಿ ನಲವತ್ತಾರು ಸತ್ತವು. ಗಂಡ ಗಂಗಹನುಮಯ್ಯ ದಿನಾ ಬೆಳಗ್ಗೆ ಸತ್ತ ಕುರಿ ಎಳೆದು ಹೂಳುತ್ತಾ, ನಾವೇನು ತಪ್ಪು ಮಾಡಿದೆವು ಅಂತ ಹೆಂಡತಿಯನ್ನೇ ಕೇಳುತ್ತಿದ್ದ. ಹೊನ್ನಕ್ಕ ಏನು ಹೇಳಿಯಾಳು? ಮೂರು ವರ್ಷಕ್ಕೆ ಅವನೂ ಕೊರಗಿನಲ್ಲೇ ಹೋದ. ತಾನು ಮಾಡಿದ ತಪ್ಪು ತನ್ನ ಮನೆಯನ್ನೇ ತಿಂದಿತು ಎಂದು ಅವಳು ತೀರ್ಮಾನಿಸಿದಳು. ಅಂದಿನಿಂದ ಇನ್ನೊಂದು ಮನೆಗೆ ಹಾಗಾಗಬಾರದು ಅಂತ ಹಟ್ಟಿಯ ಬಾಯಲ್ಲಿ ಕಾವಲು ನಿಂತವಳು, ನಿಂತೇ ಇದ್ದಳು.

ಮಗಳಿಗೆ ಇದೊಂದೂ ಗೊತ್ತಿರಲಿಲ್ಲ. ಅವಳ ದಾರಿಯೇ ಬೇರೆಯಾಯಿತು. ಹಾಸ್ಟೆಲ್ಲಿನಲ್ಲಿ ಆರು ವರ್ಷ ಎದುರಾಳಿಯನ್ನು ತಡೆಯುವ ಹಿಂದಿನ ಸಾಲಿನಲ್ಲಿ ಆಡಿದಳು. ಇಪ್ಪತ್ತಕ್ಕೆ ಆಟದ ಕೋಟಾದಲ್ಲಿ ಗಡಿ ಕಾಯುವ ಪಡೆಯ ಕೆಲಸ ಸಿಕ್ಕಿತು. ಹಿಮದ ಸೀಮೆಗೆ ಹಾಕಿದರು. ಅಲ್ಲಿ ಚಳಿಗಾಲದಲ್ಲಿ ಕೆರೆಯೇ ಗಟ್ಟಿಯಾಗುತ್ತದಂತೆ, ಅದರ ಮೇಲೆ ಕಾಲಿಗೆ ಕಬ್ಬಿಣದ ಅಲಗು ಕಟ್ಟಿಕೊಂಡು ಹಾಕಿ ಆಡುತ್ತಾರಂತೆ. ಮಗಳು ಫೋನಿನಲ್ಲಿ ಹೇಳಿದಾಗ ಹೊನ್ನಕ್ಕ ನಂಬಿರಲಿಲ್ಲ. ಅವಳು ಕಂಡಿದ್ದ ಐಸು ಅಂದರೆ ಶಿರಾ ಸಂತೆಯಲ್ಲಿ ಮೀನಿನ ಮೇಲೆ ಸುರಿದಿದ್ದು ಮಾತ್ರ. ಆಮೇಲೆ ವಿಡಿಯೋ ಬಂತು. ತಲೆಗೆ ಹೆಲ್ಮೆಟ್ಟು, ಮೈತುಂಬ ಪ್ಯಾಡು, ಅದರೊಳಗೆ ಮಗಳು ಯಾರು ಅಂತಲೇ ತಿಳಿಯಲಿಲ್ಲ. ಎದುರಿನವಳು ಬಿಲ್ಲೆಯಂಥ ರಬ್ಬರನ್ನು ಬಾರಿಸಿದರೆ ಇವಳು ಮೈಯನ್ನೇ ಅಡ್ಡ ಹಾಕಿ ಬೀಳುತ್ತಿದ್ದಳು. ಇದೆಂಥಾ ಆಟವೇ, ಹೊಡೆಸಿಕೊಳ್ಳೋದಾ ಅಂತ ತಾಯಿ ಬೈದಿದ್ದಳು.

ಎಂಟು ವರ್ಷ ಆಡಿದಳು ಗಂಗಾಲಕ್ಷ್ಮಿ. ಮೊದಲ ಚಳಿಗಾಲ ಪೂರ್ತಿ ಬೀಳುವುದರಲ್ಲೇ ಕಳೆಯಿತು. ಚಿಕ್ಕಂದಿನಿಂದ ಐಸಿನ ಮೇಲೆ ಬೆಳೆದ ಅಲ್ಲಿನ ಹುಡುಗಿಯರು ನಗುತ್ತಿದ್ದರು, ಆಮೇಲೆ ಅವರೇ ಕೈ ಹಿಡಿದು ಕಲಿಸಿದರು. ಮೂರನೇ ವರ್ಷಕ್ಕೆ ಪಡೆಯ ತಂಡದಲ್ಲಿ ಡಿಫೆಂಡರ್ ಆದಳು. ಒಮ್ಮೆ ಭುಜದ ಎಲುಬು ಮುರಿಯಿತು, ಒಮ್ಮೆ ಎರಡು ಹಲ್ಲು ಹೋದವು. ಎರಡು ಕಂಚಿನ ಪದಕ ಬಂದವು. ದೇಶದ ತಂಡದ ಶಿಬಿರಕ್ಕೆ ಎರಡು ಸಲ ಕರೆದರು, ಎರಡೂ ಸಲ ಕೊನೆಯ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಮೂರನೇ ಸಲ ಹೆಸರು ಬಂತು. ಹೊರದೇಶಕ್ಕೆ ಹೊರಡುವುದಕ್ಕೆ ಹನ್ನೊಂದು ದಿನ ಇರುವಾಗ ಅಭ್ಯಾಸದಲ್ಲಿ ಮಂಡಿ ತಿರುಚಿ, ಒಳಗಿನ ನರ ಹರಿದು ಹೋಯಿತು. ಆಪರೇಷನ್ ಆಯಿತು. ಇನ್ನು ಆಡುವ ಹಾಗಿಲ್ಲ ಅಂದರು ಡಾಕ್ಟರು. ಈಗ ಅವಳಿಗೆ ಆಫೀಸಿನಲ್ಲಿ ಕೂತು ಬರೆಯುವ ಕೆಲಸ. ಹಟ್ಟಿಯಲ್ಲಿ ಯಾರಾದರೂ ಆಟ ಹೆಂಗೆ ನಡೀತೈತವ್ವ ಅಂತ ಕೇಳಿದರೆ, ಮುಗೀತು ಅನ್ನುತ್ತಿದ್ದಳು, ಅಷ್ಟೇ.

ಈ ಸಲ ಅವಳು ಒಂದು ತಿಂಗಳ ರಜೆ ಹಾಕಿ ಬಂದದ್ದು ಅಣ್ಣ ಚಿಕ್ಕರಾಜುವಿನ ಮಗಳು ಲೋಹಿತಾಗಾಗಿ.

ಲೋಹಿತಾಗೆ ಹದಿಮೂರು ವರ್ಷ ಹನ್ನೊಂದು ತಿಂಗಳು. ಬಾಯಿ ಸುಮ್ಮನಿರದ ಹುಡುಗಿ. ದೇವರು ಮೈಮೇಲೆ ಬಂದಾಗ ಬೋರಣ್ಣ ಆಡುವ ಮಾತನ್ನು ಥೇಟ್ ಅವನ ಹಾಗೇ ಆಡಿ ತೋರಿಸಿ ಅಜ್ಜಿಯ ಕೈಲಿ ಪೆಟ್ಟು ತಿಂದವಳು. ಅತ್ತೆಯ ಹಾಗೆ ಅವಳೂ ಹಾಕಿಯಲ್ಲಿ ಹಿಂದಿನ ಸಾಲಿನ ಆಟಗಾರ್ತಿ. ಇನ್ನು ಮೂರು ವಾರಕ್ಕೆ, ಸೋಮವಾರ, ತುಮಕೂರಿನಲ್ಲಿ ಅದೇ ಹಾಸ್ಟೆಲ್ಲಿಗೆ ಆಯ್ಕೆ. ಹದಿನಾಲ್ಕು ತುಂಬಿದವರನ್ನು ತೆಗೆದುಕೊಳ್ಳುವುದಿಲ್ಲ. ಅಂದರೆ ಈ ಸಲ ಬಿಟ್ಟರೆ ಮತ್ತೆ ಇಲ್ಲ. ಅಲ್ಲಿಗೆ ಸೇರದಿದ್ದರೆ ಮುಂದೇನು ಎಂಬುದೂ ಹುಡುಗಿಗೆ ಗೊತ್ತಿತ್ತು. ಹತ್ತನೇ ಕ್ಲಾಸು ಮುಗಿಯುವುದರೊಳಗೆ ಸೋದರಮಾವನ ಕಡೆಯಿಂದ ಮದುವೆಯ ಮಾತು ಬರುತ್ತದೆ. ಅವಳ ಜೊತೆಯ ಇಬ್ಬರದು ಆಗಲೇ ಗೊತ್ತಾಗಿತ್ತು.

ಪ್ರತಿ ಸಂಜೆ ಅತ್ತೆ, ಸೊಸೆ ಬತ್ತಿದ ಕೆರೆಯಂಗಳಕ್ಕೆ ಹೋಗುತ್ತಿದ್ದರು. ಹೊನ್ನಕ್ಕ ಸೌದೆ ಆರಿಸುವ ನೆಪದಲ್ಲಿ ಮಾತು ಕೇಳಿಸುವಷ್ಟು ದೂರದಿಂದ ನೋಡುತ್ತಿದ್ದಳು. ಗಂಗಾಲಕ್ಷ್ಮಿ ಕುಂಟುತ್ತಲೇ ಚೆಂಡು ತರುವುದು, ಹುಡುಗಿ ತಡೆಯುವುದು. ಚೆಂಡನ್ನೂ ನೋಡಬೇಡ, ಕೋಲನ್ನೂ ನೋಡಬೇಡ, ಎದುರಿನವಳ ಸೊಂಟ ನೋಡು, ಕಣ್ಣು ಸುಳ್ಳು ಹೇಳುತ್ತೆ, ಕೈ ಸುಳ್ಳು ಹೇಳುತ್ತೆ, ಸೊಂಟ ಹೇಳಲ್ಲ ಅಂತ ಮತ್ತೆ ಮತ್ತೆ ಹೇಳುತ್ತಿದ್ದಳು. ಒಮ್ಮೆ ಹುಡುಗಿ ಬೇಜಾರಾಗಿ ಕೇಳಿದಳು, ಅತ್ತೆ, ಗೋಲು ಹೊಡೆದೋರ ಹೆಸರು ಪೇಪರಿನಲ್ಲಿ ಬರುತ್ತೆ, ನಮ್ಮದು ಯಾಕೆ ಬರಲ್ಲ ಅಂತ. ಆಗದೇ ಹೋದದ್ದನ್ನ ಯಾರು ಬರೀತಾರೆ ಹುಚ್ಚಿ ಅಂದಳು ಗಂಗಾಲಕ್ಷ್ಮಿ. ಹೊನ್ನಕ್ಕನಿಗೆ ಆ ಮಾತು ಯಾಕೋ ಮನಸ್ಸಿನಲ್ಲೇ ಉಳಿಯಿತು.

ಅವಳ ಲೆಕ್ಕ ಮಾತ್ರ ಬೇರೆ ನಡೆಯುತ್ತಿತ್ತು. ಲೋಹಿತಾಳ ದಿನ ಆಯ್ಕೆಯ ಹಿಂದಿನ ದಿನವೋ ಮುಂದಿನ ದಿನವೋ ಬೀಳುತ್ತದೆ. ಮುಟ್ಟಾದರೆ ಹುಡುಗಿ ಕೋಣೆ ಸೇರಬೇಕು. ಕೋಣೆ ಸೇರಿದರೆ ತುಮಕೂರು ಇಲ್ಲ. ಮಗನನ್ನು ಕೇಳಿದರೆ ನೀನು ಹೆಂಗಂದ್ರೆ ಅಂಗೆ ಅನ್ನುತ್ತಾನೆ. ಹುಡುಗಿಯ ತಾಯಿ ರಾಮಾಂಜಿನಮ್ಮ ಪಾವಗಡದ ಕಡೆಯವಳು, ಅತ್ತೆಯ ಮುಂದೆ ತಲೆಯೆತ್ತಿ ಮಾತಾಡಿದವಳಲ್ಲ. ಇನ್ನೊಂದು ಸಲ ಮುಚ್ಚಿಟ್ಟು ಕಳಿಸುವುದೋ? ನಲವತ್ತಾರು ಕುರಿ ಕಣ್ಣ ಮುಂದೆ ಬರುತ್ತಿದ್ದವು. ಕಳಿಸದೆ ಇರುವುದೋ? ಹುಡುಗಿಯ ಮುಖ ಬರುತ್ತಿತ್ತು.

ಕೊನೆಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ದಾರಿ ಹಿಡಿದಳು. ಶಿರಾಕ್ಕೆ ಹೋಗಿ ಪರಿಚಯದ ಮೆಡಿಕಲ್ ಅಂಗಡಿಯ ರಂಗೇಶನ ಹತ್ತಿರ ಮುಂದೂಡುವ ಮಾತ್ರೆ ಕೇಳಿದಳು. ಯಾರಿಗೆ ಅಂತ ಕೇಳಿದ. ಸೊಸೆಗೆ ಅಂತ ಸುಳ್ಳು ಹೇಳಿದಳು. ದಿನಕ್ಕೆ ಎಷ್ಟು, ಎಲ್ಲಿಯವರೆಗೆ ಅಂತ ಅವನು ಕವರಿನ ಮೇಲೆ ಬರೆದುಕೊಟ್ಟ, ಬೇಕಾದ ದಿನ ಕಳೆಯುವ ತನಕ ತಪ್ಪಿಸಬಾರದು ಅಂತಲೂ ಹೇಳಿದ. ಹೊನ್ನಕ್ಕ ಬಂದವಳೇ ಲೋಹಿತಾಳನ್ನು ರೊಪ್ಪದ ಹಿಂದೆ ಕರೆದು, ಅತ್ತೆಗೆ ಹೇಳಿದರೆ ಬೇಡ ಅನ್ನುತ್ತಾಳೆ, ಹೇಳಬೇಡ ಅಂತ ಆಣೆ ಹಾಕಿಸಿ ಮಾತ್ರೆ ಕೊಟ್ಟಳು. ಎರಡು ದಿನ ಹೇಳಿದಷ್ಟೇ ಕೊಟ್ಟಳು. ಮೂರನೇ ದಿನ ಭಯ ಶುರುವಾಯಿತು. ಎಳೇ ಮೈ, ರಕ್ತ ಬಿಸಿ, ಎಲ್ಲಿ ಮೀರಿ ಬಂದುಬಿಡುತ್ತದೋ ಅಂತ ಒಂದಕ್ಕೆ ಎರಡು ಮಾಡಿದಳು. ಹುಡುಗಿ ತಲೆ ಸುತ್ತುತ್ತದೆ ಅಂದಳು. ಬಿಸಿಲಿಗೆ ಕಣವ್ವ ಅಂದಳು ಅಜ್ಜಿ. ಉಂಡದ್ದು ವಾಂತಿಯಾಯಿತು. ನಿಂಬೆಹಣ್ಣಿನ ನೀರು ಕುಡಿಸಿದಳು. ಎರಡೆರಡು ಕೊಟ್ಟದ್ದಕ್ಕೆ ಮಾತ್ರೆ ಶನಿವಾರಕ್ಕೇ ಮುಗಿದುಹೋದವು. ಮತ್ತೆ ಶಿರಾಕ್ಕೆ ಹೊರಟರೆ ಗಂಗಾಲಕ್ಷ್ಮಿ ಯಾಕೆ ಅಂತ ಕೇಳುತ್ತಾಳೆ. ಇಷ್ಟೆಲ್ಲ ನುಂಗಿದ್ದಾಳೆ, ಇನ್ನೆರಡು ದಿನ ನಿಲ್ಲಲ್ವಾ ಅಂತ ಸಮಾಧಾನ ಮಾಡಿಕೊಂಡಳು. ಮಾತ್ರೆ ನಿಲ್ಲಿಸಿದ ಎರಡು ಮೂರು ದಿನಕ್ಕೇ ಮುಟ್ಟು ಬರುವುದು ಎಂಬುದು ಅವಳಿಗೆ ಗೊತ್ತಿರಲಿಲ್ಲ ಎಂದಲ್ಲ. ಹೆದರಿದವರಿಗೆ ಗೊತ್ತಿದ್ದದ್ದೂ ಮರೆಯುತ್ತದೆ.

ಸೋಮವಾರ ಬೆಳಗಿನ ಬಸ್ಸಿಗೆ ಮೂವರೂ ಹೊರಟರು. ನೀನ್ಯಾಕೆ ಅಂತ ಮಗಳು ಕೇಳಿದ್ದಕ್ಕೆ, ಮೊಮ್ಮಗಳ ಆಟ ನಾನು ನೋಡಬಾರದಾ ಅಂದಿದ್ದಳು ಹೊನ್ನಕ್ಕ. ಲೋಹಿತಾ ಕಿಟಕಿಗೆ ತಲೆಯಾನಿಸಿ ಕೂತಿದ್ದಳು. ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ. ಗಾಬರಿ ಇರಬೇಕು ಅಂದುಕೊಂಡಳು ಗಂಗಾಲಕ್ಷ್ಮಿ.

ಮೈದಾನದಲ್ಲಿ ನೂರಕ್ಕೂ ಹೆಚ್ಚು ಹುಡುಗಿಯರಿದ್ದರು. ಕೊರಟಗೆರೆ, ಮಧುಗಿರಿ, ಎಲ್ಲೆಲ್ಲಿಂದಲೋ ಬಂದಿದ್ದರು. ಓಟದಲ್ಲಿ ಲೋಹಿತಾ ಹೇಗೋ ದಾಟಿದಳು. ಆಮೇಲೆ ತಂಡ ಮಾಡಿ ಆಡಿಸಿದರು. ಮೊದಲ ಹತ್ತು ನಿಮಿಷ ಹೊನ್ನಕ್ಕ ಬಾಯಿ ತೆರೆದು ನೋಡಿದಳು. ಎದುರಿನ ಹುಡುಗಿಯರು ಗಾಳಿಯ ಹಾಗೆ ಬರುತ್ತಿದ್ದರು, ಈ ಹುಡುಗಿ ಅವಸರವೇ ಇಲ್ಲದೆ ಎರಡು ಹೆಜ್ಜೆ ಹಿಂದೆ ಸರಿದು, ಸರಿಯಾದ ಹೊತ್ತಿಗೆ ಕೋಲು ನೀಡಿ ಚೆಂಡು ಕಿತ್ತುಕೊಳ್ಳುತ್ತಿದ್ದಳು. ಒಂದು ಸಲ, ಎರಡು ಸಲ, ನಾಲ್ಕು ಸಲ. ಆಯ್ಕೆಗೆ ಬಂದಿದ್ದ ಮಹಾಲಿಂಗಯ್ಯ ಮೇಷ್ಟ್ರು ಪಕ್ಕದವರನ್ನು ಕರೆದು ಅವಳ ಬೆನ್ನಿನ ನಂಬರು ತೋರಿಸಿದರು. ಗಂಗಾಲಕ್ಷ್ಮಿ ತಾಯಿಯ ಕೈ ಹಿಡಿದುಕೊಂಡಳು. ಹೊನ್ನಕ್ಕನಿಗೆ ಅಳು ಬಂತು. ದೇವರು ದೊಡ್ಡವನು, ಹುಡುಗಿಯನ್ನೂ ಕುರಿಗಳನ್ನೂ ಉಳಿಸಿದ ಅಂದುಕೊಂಡಳು.

ಐದನೇ ಸಲ ಚೆಂಡು ಬರುವಾಗ ಲೋಹಿತಾ ಕಿಬ್ಬೊಟ್ಟೆ ಹಿಡಿದು ಬಗ್ಗಿದಳು. ಎದುರಿನವಳು ಪಕ್ಕದಲ್ಲೇ ಹಾದು ಹೋಗಿ ಗೋಲು ಹೊಡೆದಳು. ಆರನೇ ಸಲವೂ ಹಾಗೇ ಆಯಿತು. ಏಳನೇ ಸಲ ಓಡಲು ಹೋಗಿ ಮುಗ್ಗರಿಸಿ ಬಿದ್ದು, ಅಲ್ಲೇ ಹುಲ್ಲಿನ ಮೇಲೆ ವಾಂತಿ ಮಾಡಿಕೊಂಡಳು. ಎದ್ದು ನಿಂತಾಗ ಬಿಳಿ ಚಡ್ಡಿ ಕೆಂಪಾಗಿತ್ತು, ತೊಡೆಯಿಂದ ಕೆಳಕ್ಕೂ ಇಳಿಯುತ್ತಿತ್ತು. ಗಂಗಾಲಕ್ಷ್ಮಿ ಮಂಡಿ ಮರೆತು ಓಡಿದಳು.

ಮಹಾಲಿಂಗಯ್ಯ ಮೇಷ್ಟ್ರು ಒಳ್ಳೆಯವರು. ಮುಟ್ಟಾದರೆ ಏನಂತೆ, ಸುಧಾರಿಸಿಕೊಂಡು ಮಧ್ಯಾಹ್ನ ಇನ್ನೊಂದು ತಂಡದ ಜೊತೆ ಆಡಲಿ, ಸಂಜೆ ನಾಲ್ಕಕ್ಕೆ ಪಟ್ಟಿ ಕಳಿಸಬೇಕು, ಅಷ್ಟರೊಳಗೆ ಬರಲಿ ಅಂದರು. ಆದರೆ ಹುಡುಗಿಗೆ ನಿಲ್ಲುವುದಕ್ಕೇ ಆಗಲಿಲ್ಲ. ರಕ್ತ ನಿಲ್ಲುತ್ತಿರಲಿಲ್ಲ. ಹತ್ತಿರದ ಆಸ್ಪತ್ರೆಗೆ ಆಟೋದಲ್ಲಿ ಕರೆದುಕೊಂಡು ಹೋದರು. ಡಾಕ್ಟರಮ್ಮ ನೋಡಿ, ಯಾವುದಾದರೂ ಮಾತ್ರೆ ತಗೊಂಡಿದ್ದೀಯಾ ಅಂತ ಕೇಳಿದರು. ಆಣೆ ಹಾಕಿದ್ದ ಹುಡುಗಿ ಅಜ್ಜಿಯ ಮುಖ ನೋಡಿದಳು. ಅಷ್ಟು ಸಾಕಾಯಿತು ಗಂಗಾಲಕ್ಷ್ಮಿಗೆ.

ಹುಡುಗಿಗೆ ಡ್ರಿಪ್ ಹಾಕಿದ ಮೇಲೆ ತಾಯಿ, ಮಗಳು ಹೊರಗೆ ಬೆಂಚಿನ ಮೇಲೆ ಕೂತರು. ಗೋಡೆ ಗಡಿಯಾರದಲ್ಲಿ ಮೂರೂವರೆ ಆಗಿತ್ತು. ಗಂಗಾಲಕ್ಷ್ಮಿ ಎಷ್ಟು ಕೊಟ್ಟೆ, ಯಾವತ್ತು ನಿಲ್ಲಿಸಿದೆ ಎಂದು ಒಂದೊಂದೇ ಕೇಳಿದಳು. ಹೊನ್ನಕ್ಕ ಒಂದೊಂದೇ ಹೇಳಿದಳು. ಬೈಯಲಿ, ಹೊಡೆಯಲಿ ಅಂತ ಕಾಯುತ್ತಿದ್ದಳು. ಮಗಳು ದನಿ ಕೂಡ ಏರಿಸಲಿಲ್ಲ.

"ಮುಟ್ಟಾಗಿದ್ರೂ ಅವ್ಳು ಆಡ್ತಿದ್ಲು ಕಣಮ್ಮ. ನಾನು ಆಡಿಲ್ವಾ? ಕಂಚು ಬಂದ ಮ್ಯಾಚಲ್ಲಿ ನಂದು ಎರಡನೇ ದಿನ. ಹದ್ನಾಲ್ಕು ವರ್ಷದ ಹಿಂದೆ ನೀನೇ ಕಳಿಸ್ಲಿಲ್ವಾ ನನ್ನ?"

"ಕಳ್ಸಿದ್ಕೇ ಆಗಿದ್ದು," ಅಂದಳು ಹೊನ್ನಕ್ಕ. ಇಷ್ಟು ವರ್ಷ ಹೊಟ್ಟೆಯೊಳಗಿದ್ದದ್ದು ಆಸ್ಪತ್ರೆಯ ಬೆಂಚಿನ ಮೇಲೆ ಹೊರಬಿತ್ತು. "ನಲವತ್ತಾರು ಕುರಿ ಸತ್ವು. ಆಮ್ಯಾಕೆ ನಿಮ್ಮಪ್ಪ ಹೋದ. ನಿನ್ನ ದೇವರ ಮುಂದೇನೇ ಕರ್ಕೊಂಡೋಗಿದ್ದೆ ನಾನು."

ಗಂಗಾಲಕ್ಷ್ಮಿ ತಾಯಿಯ ಕಡೆ ತಿರುಗಿದಳು. ತಾನು ಐಸಿನ ಮೇಲೆ ಪೆಟ್ಟು ತಿನ್ನುತ್ತಿದ್ದ ಅಷ್ಟೂ ವರ್ಷ ಇಲ್ಲಿ ತಾಯಿ ತನ್ನ ಹೆಸರಿನಲ್ಲಿ ಇಂಥದೊಂದು ಪೆಟ್ಟು ತಿನ್ನುತ್ತಿದ್ದಳು ಎಂಬುದು ಅವಳಿಗೆ ಈಗ ತಿಳಿಯಿತು. ಕೋಪವೂ ಬಂತು, ಸಂಕಟವೂ ಆಯಿತು.

"ಅಮ್ಮ, ಆ ವರ್ಷ ಗೌಡಗೆರೇಲೂ ಸತ್ವು, ಪುರವರದಾಗೂ ಸತ್ವು, ಪಾವಗಡದ ತಂಕ ಸತ್ವು. ಅಲ್ಲೆಲ್ಲ ನಾನೇ ಬಸ್ ಹತ್ತಿದ್ನಾ? ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋದ್ರೆ ಕಾಗೇದು ತಪ್ಪಾ?"

ಹೊನ್ನಕ್ಕನಿಗೆ ಮಗಳ ಮಾತು ನಿಜ ಅಂತ ಬುದ್ಧಿ ಹೇಳುತ್ತಿತ್ತು. ಆದರೆ ಹದಿನಾಲ್ಕು ವರ್ಷ ಎದೆಯಲ್ಲಿ ಕೂತ ಭಯ ಒಂದು ಮಾತಿಗೆ ಎದ್ದು ಹೋಗುತ್ತದೆಯೇ? ಗಡಿಯಾರದಲ್ಲಿ ನಾಲ್ಕಾಯಿತು. ಗಂಗಾಲಕ್ಷ್ಮಿ ಫೋನು ತೆಗೆದು ಮಹಾಲಿಂಗಯ್ಯ ಮೇಷ್ಟ್ರಿಗೆ ಬರಲಿಕ್ಕಾಗುವುದಿಲ್ಲ ಅಂತ ಹೇಳಿದಳು. ಅವರು ಏನೋ ಹೇಳುತ್ತಿದ್ದರು, ಇವಳು ಹೂಂ ಹೂಂ ಅನ್ನುತ್ತಿದ್ದಳು. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತೆ ಸಾರ್ ಅಂದು ಫೋನು ಇಟ್ಟಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹುಡುಗಿಗೆ ಹೇಳಲು ಗಂಗಾಲಕ್ಷ್ಮಿಯೇ ಎದ್ದು ಒಳಗೆ ಹೋದಳು. ಲೋಹಿತಾ ಅಳಲಿಲ್ಲವಂತೆ. ನಾಲ್ಕು ತಡೆದೆ ಅಲ್ವಾ ಅತ್ತೆ ಅಂತ ಮಾತ್ರ ಕೇಳಿದಳಂತೆ.

ರಕ್ತ ಹಿಡಿತಕ್ಕೆ ಬಂತು, ಭಯವಿಲ್ಲ, ಮೂರು ದಿನ ಚೆನ್ನಾಗಿ ಉಂಡು ಮಲಗಲಿ ಅಂತ ಹೇಳಿ ಅದೇ ದಿನ ಕಳಿಸಿದರು. ಶಿರಾದಲ್ಲಿ ಬಸ್ಸು ಬದಲಾಯಿಸಿ ಹಟ್ಟಿಯ ದಾರಿಯಲ್ಲಿ ಇಳಿದಾಗ ಹೊತ್ತು ಮುಳುಗುವುದರಲ್ಲಿತ್ತು. ಕುರಿಗಳು ಮೇದು ವಾಪಸು ಬರುತ್ತಿದ್ದವು, ಧೂಳೆದ್ದಿತ್ತು. ಮುಂದೆ ಲೋಹಿತಾ, ಹಿಂದೆ ಅವರಿಬ್ಬರು.

ದಾರಿ ಹುಣಸೆ ಮರದ ಹತ್ತಿರ ಎರಡಾಗುತ್ತದೆ. ಒಂದು ಹಟ್ಟಿಗೆ, ಒಂದು ಆ ಕೋಣೆಗೆ. ಯಾರೂ ಹೇಳಲಿಲ್ಲ, ಯಾರೂ ಕೈ ತೋರಿಸಲಿಲ್ಲ. ಲೋಹಿತಾ ತಾನೇ ಕೋಣೆಯ ಕಡೆ ತಿರುಗಿದಳು. ಬಾಗಿಲ ಮುಂದೆ ಚೀಲ ಇಳಿಸಿ, ಅಲ್ಲಿದ್ದ ಪೊರಕೆ ತೆಗೆದು, ತಾನು ಮಲಗುವಷ್ಟು ಜಾಗ ಗುಡಿಸತೊಡಗಿದಳು. ಬಗ್ಗಿದಾಗ ಒಂದು ಕೈಯಿಂದ ಗೋಡೆ ಹಿಡಿದುಕೊಳ್ಳುತ್ತಿದ್ದಳು. ಗಂಗಾಲಕ್ಷ್ಮಿ ಹೋಗಿ ಅವಳ ಪಕ್ಕದಲ್ಲಿ ತನ್ನ ಚೀಲವನ್ನೂ ಇಳಿಸಿ, ಮಂಡಿ ನೀಡಿಕೊಂಡು ನೆಲದ ಮೇಲೆ ಕೂತಳು.

ಹೊನ್ನಕ್ಕ ದಾರಿ ಒಡೆಯುವ ಜಾಗದಲ್ಲಿ ನಿಂತು ನೋಡಿದಳು. ಹುಡುಗಿ ಅತ್ತಿದ್ದರೆ, ಹಠ ಮಾಡಿದ್ದರೆ, ಅಜ್ಜಿ ನಿನ್ನಿಂದಲೇ ಹಿಂಗಾಯಿತು ಅಂದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಪೊರಕೆ ಹಿಡಿದ ಕೈ ನೋಡಿ ಅವಳಿಗೆ ತಡೆಯಲಾಗಲಿಲ್ಲ. ಮೈದಾನದಲ್ಲಿ ಅಷ್ಟು ಜನರನ್ನು ತಡೆದ ಹುಡುಗಿಗೆ ಇಲ್ಲಿ ಬೇಡ ಅನ್ನುವ ಯೋಚನೆಯೇ ಬಂದಿರಲಿಲ್ಲ. ಹಾಗೆ ಬರದ ಹಾಗೆ ಮಾಡಿದವಳು ತಾನೇ. ಹೊನ್ನಕ್ಕ ಹೋಗಿ ಪೊರಕೆ ಕಿತ್ತು ಎಸೆದಳು. ಚೀಲ ತನ್ನ ಹೆಗಲಿಗೆ ಹಾಕಿಕೊಂಡು ಹುಡುಗಿಯ ಕೈ ಹಿಡಿದು ಎಳೆದಳು.

"ಅಜ್ಜಿ, ಎಲ್ಲಿಗೆ? ನಾನು ಹೊರಗಾಗಿದೀನಿ."

"ಗೊತ್ತೈತೆ. ನಡಿ ಮನೀಗೆ."

ಹುಡುಗಿಯ ಕೈ ಬಿಡದೆ ಹೊನ್ನಕ್ಕ ಬೇಲಿಯ ಬಾಯಿ ದಾಟಿದಳು. ಕುರಿಗಳು ಆಗಷ್ಟೇ ರೊಪ್ಪ ಸೇರುತ್ತಿದ್ದವು. ಅವುಗಳ ಕಡೆ ನೋಡಲು ಅವಳಿಗೆ ಧೈರ್ಯವಾಗಲಿಲ್ಲ. ದೇವರ ಕಟ್ಟೆಯ ಮೇಲೆ ಬೋರಣ್ಣ ಕೂತಿದ್ದ. ಹುಡುಗಿಯ ಬದಲಿಸಿದ ಬಟ್ಟೆಗೂ ಹತ್ತಿದ್ದ ಕಲೆ ದೂರದಿಂದಲೇ ಕಾಣುವಂತಿತ್ತು. ಅವನು ಎದ್ದು ದಾರಿಗೆ ಅಡ್ಡ ಬಂದ. ಮನೆಗಳ ಮುಂದೆ ಹೆಂಗಸರು ನಿಂತರು.

"ಹೊನ್ನಕ್ಕ, ಏನಿದು? ಮಗು ಹೊರಗಾಗೌಳೆ ಅಲ್ವಾ?"

"ಹೂಂ, ಆಗೌಳೆ. ಒಳೀಕೆ ಕರ್ಕೊಂಡೋಯ್ತಿದೀನಿ."

"ನಮಗೆಲ್ಲ ಹೇಳಿಕೊಟ್ಟೋಳು ನ್ಯಾಯ ತಪ್ಪೋದಾ? ನಾಳೆ ರೊಪ್ಪದಾಗೆ ಏನಾದ್ರೂ ಆದ್ರೆ ದೇವರಿಗೆ ಯಾರು ಉತ್ರ ಹೇಳೋರು?" ಬೋರಣ್ಣನ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾದ ಹೆದರಿಕೆ ಇತ್ತು. ಆ ಹೆದರಿಕೆ ಹೊನ್ನಕ್ಕನಿಗೂ ಇತ್ತು. ಅದನ್ನು ಅವನಿಗಿಂತ ಚೆನ್ನಾಗಿ ಅವಳೇ ಬಲ್ಲಳು.

"ನಾನು ಹೇಳ್ಕತೀನಿ ಬೋರಣ್ಣ. ಹದ್ನಾಲ್ಕು ವರ್ಷದ ಹಿಂದೆ ಗಂಗೀನ ಮುಟ್ಟಾಗಿದ್ದಾಗ್ಲೇ ಈ ದಾರೀಲಿ ಕರ್ಕೊಂಡೋಗಿ ಬಸ್ ಹತ್ತಿಸಿದ್ದೆ. ಅದನ್ನೂ ಸೇರಿಸಿ ಹೇಳ್ಕತೀನಿ. ಕುರಿ ಸತ್ರೆ ನನ್ನವು ಸಾಯ್ಲಿ. ಈ ಮಗೀಗೆ ನಾನು ಮಾಡಿರೋದು ದೇವ್ರು ಮಾಡೋದ್ಕಿಂತ ಕಡ್ಮೆ ಇಲ್ಲ."

ಹೊನ್ನಕ್ಕ ಹುಡುಗಿಯ ಕೈ ಹಿಡಿದೇ ಮುಂದೆ ಒಂದು ಹೆಜ್ಜೆ ಇಟ್ಟಳು. ಮೈ ತಾಗೀತು ಅಂತ ಬೋರಣ್ಣ ಹಿಂದಕ್ಕೆ ಸರಿದ. ಹಾಗೆ ದಾರಿ ಬಿಟ್ಟಿತು. ಹೆಂಗಸರು ಒಬ್ಬೊಬ್ಬರೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾಳೆಯಿಂದ ಈ ಮನೆಗೆ ಯಾರೂ ಬರುವುದಿಲ್ಲ ಎಂಬುದು ಹೊನ್ನಕ್ಕನಿಗೆ ತಿಳಿಯಿತು. ಒಳಗೆ ಹೋಗುವವರಲ್ಲಿ ಒಬ್ಬ ಹುಡುಗಿಯಾದರೂ ತನ್ನನ್ನು ನೋಡಿ ಸಂತೋಷಪಟ್ಟಳೇನೋ ಅಂತ ಹುಡುಕಿದಳು. ಎಲ್ಲರೂ ಹೆದರಿದ್ದರು.

ರಾಮಾಂಜಿನಮ್ಮ ಬಾಗಿಲಲ್ಲಿ ನಿಂತಿದ್ದವಳು ಅಯ್ಯೋ ಅತ್ತಮ್ಮಾ ಅಂದಳು. ಗಂಗಾಲಕ್ಷ್ಮಿ ಕುಂಟುತ್ತ ಬಂದು ಜಗಲಿಯ ಮೇಲೆ, ಬಾಗಿಲಿಗೆ ಅಡ್ಡವಾಗಿ ಕೂತಳು. ಹೊನ್ನಕ್ಕ ನಡುಮನೆಯಲ್ಲಿ ತನ್ನ ಚಾಪೆಯನ್ನೇ ಹಾಸಿ, ತನ್ನ ಕಂಬಳಿಯನ್ನೇ ಹಾಕಿ ಹುಡುಗಿಯನ್ನು ಮಲಗಿಸಿದಳು. ಬಿಸಿ ಗಂಜಿ ತಂದು ತಾನೇ ಕುಡಿಸಿದಳು. ಹುಡುಗಿ ಅರ್ಧ ಲೋಟ ಕುಡಿದು ನಿಲ್ಲಿಸಿದಳು. ಹೊರಗೆ ರೊಪ್ಪದಲ್ಲಿ ಒಂದು ಕುರಿ ಕೆಮ್ಮಿತು. ಇಬ್ಬರಿಗೂ ಕೇಳಿಸಿತು.

"ಅಜ್ಜಿ, ಏನೂ ಆಗಲ್ವಾ?"

"ಗೊತ್ತಿಲ್ಲ ಕಣವ್ವ," ಅಂದಳು ಹೊನ್ನಕ್ಕ. "ನೀನು ಮಲಕ್ಕೋ."